ನಿಮ್ಮ ಬಡಾವಣೆಯ ಕೆರೆಗೆ ಅನುದಾನ: ಅರ್ಜಿಗೆ ಮೊದಲಿನಿಂದ ಲೆಕ್ಕ ಒಪ್ಪಿಸುವವರೆಗೆ

ಬೆಂಗಳೂರಿನ ಕೆರೆ ಗುಂಪುಗಳ ವಾಟ್ಸಾಪ್‌ನಲ್ಲಿ ಯಾರೋ ಒಬ್ಬರು "ಫಂಡ್ ಎಲ್ಲಿ ಸಿಗುತ್ತೆ?" ಎಂದು ಕೇಳಿದರೆ ಸಾಕು, ಅರ್ಧ ಗಂಟೆಯಲ್ಲಿ ಹತ್ತಾರು ಕಂಪನಿಗಳ ಹೆಸರು ಬಂದು ಬೀಳುತ್ತವೆ. ಕೆರೆ ಯಾರ ಸುಪರ್ದಿಯಲ್ಲಿದೆ, ಕೆಲಸಕ್ಕೆ ಯಾರ ಒಪ್ಪಿಗೆ ಇದೆ, ದುಡ್ಡು ಯಾರ ಖಾತೆಗೆ ಬರಬೇಕು ಎಂದು ಮರುಪ್ರಶ್ನೆ ಹಾಕಿದರೆ ಗುಂಪು ತಣ್ಣಗಾಗುತ್ತದೆ. ಈ ಬರಹ ಆ ಮರುಪ್ರಶ್ನೆಗಳ ಬಗ್ಗೆ. ನಿವಾಸಿಗಳ ಸಂಘ, ಕೆರೆ ಸಮಿತಿ, ಇಲ್ಲವೇ ಏರಿಯ ಮೇಲೆ ಬೆಳಗ್ಗೆ ನಡೆಯಲು ಬರುವ ನಾಲ್ಕೈದು ಮಂದಿ ಸೇರಿಕೊಂಡು ಒಂದರಿಂದ ಐದು ಲಕ್ಷ ರೂಪಾಯಿಯ ಸಣ್ಣ ಅನುದಾನ ತರಬೇಕೆಂದಿದ್ದರೆ ಅವರಿಗೆ ಇದು. ಕೋಟಿಗಟ್ಟಲೆ ಹಣದ ಪುನರುಜ್ಜೀವನ ಕಾಮಗಾರಿಗಳ ದಾರಿಯೇ ಬೇರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಣ್ಣ ಅನುದಾನವನ್ನು ಕೆರೆಯ ಅಂದಚಂದಕ್ಕೆ ಸುರಿಯಬೇಡಿ. ದಿನಾ ಕೆರೆ ನೋಡಿಕೊಳ್ಳುವ ಒಬ್ಬರ ಸಂಬಳಕ್ಕೆ, ನೀರು ಒಳಬರುವ ಬಾಯಿಯ ರಿಪೇರಿಗೆ, ನೀರಿನ ಪರೀಕ್ಷೆಗೆ ಖರ್ಚು ಮಾಡಿ. ಕಲ್ಲುಬೆಂಚಿಗೆ, ಗೋಡೆ ಚಿತ್ರಕ್ಕೆ, ಸೆಲ್ಫಿ ಪಾಯಿಂಟಿಗೆ ದುಡ್ಡು ಕೊಡುವವರು ಈ ಊರಿನಲ್ಲಿ ಯಾವಾಗಲೂ ಇರುತ್ತಾರೆ.

ಹಂತ 1: ಕೆರೆ ಯಾರದು?

ಬೆಂಗಳೂರಿನ ಕೆರೆಗಳಿಗೆ ಒಬ್ಬರೇ ಯಜಮಾನರಿಲ್ಲ. ಹೆಚ್ಚಿನವು ಪಾಲಿಕೆಯ ಕೈಯಲ್ಲಿವೆ, ಕೆಲವು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಬಳಿ, ಕೆಲವು ಅರಣ್ಯ ಇಲಾಖೆ ಬಳಿ; ಊರಂಚಿನವು ಸಣ್ಣ ನೀರಾವರಿ ಇಲಾಖೆ ಅಥವಾ ಪಂಚಾಯ್ತಿಗೆ ಸೇರಿರಬಹುದು. ಲಾಲ್‌ಬಾಗ್ ಕೆರೆ ತೋಟಗಾರಿಕೆ ಇಲಾಖೆಯದು. ಇವೆಲ್ಲದರ ಮೇಲೆ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಇದೆ. ಜಮೀನು ಕಂದಾಯ ಇಲಾಖೆಯ ದಾಖಲೆಯಲ್ಲಿ, ಕೆರೆಗೆ ನೀರು ತರುವ ರಾಜಕಾಲುವೆ ಪಾಲಿಕೆಯ ಬೇರೊಂದು ವಿಭಾಗದಲ್ಲಿ, ಒಳಚರಂಡಿ ಜಲಮಂಡಳಿಯಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾದ ಮೇಲೆ ಹಳೆಯ ಫೋನ್ ನಂಬರುಗಳನ್ನು ನೆಚ್ಚಿಕೊಳ್ಳುವಂತಿಲ್ಲ. ನಿಮ್ಮ ಕೆರೆಯ ಕಡತ ಈಗ ಯಾವ ಕಚೇರಿಯ ಯಾವ ಮೇಜಿನ ಮೇಲಿದೆ ಎಂಬುದನ್ನು ಹೋಗಿಯೇ ವಿಚಾರಿಸಬೇಕು.

ಕಚೇರಿಗೆ ಹೋಗುವ ಮೊದಲು ಒಂದು ಕೆಲಸ ಮುಗಿಸಿಕೊಳ್ಳಿ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ತೆರೆದು ಏರಿಯ ಮೇಲೆ ನಿಂತರೆ ಸರ್ವೆ ನಂಬರ್ ಗೊತ್ತಾಗುತ್ತದೆ. ಅದರಿಂದ ಪಹಣಿ ತೆಗೆಯಿರಿ. ಹಳೆಯ ಗ್ರಾಮನಕ್ಷೆಯ ಪ್ರತಿಯೂ ಇರಲಿ; ಕೆರೆಯ ಅಂಗಳ ಮೂಲದಲ್ಲಿ ಎಲ್ಲಿಯವರೆಗಿತ್ತು, ಕಾಲುವೆ ಯಾವ ಕಡೆಯಿಂದ ಬರುತ್ತಿತ್ತು ಎಂಬುದು ಅದರಲ್ಲೇ ಕಾಣುವುದು. ಒಂದು ಕೆರೆ ಎರಡು ಮೂರು ಸರ್ವೆ ನಂಬರಿನಲ್ಲಿ, ಎರಡು ಗ್ರಾಮಗಳಲ್ಲಿ ಹರಡಿಕೊಂಡಿರುವುದು ಇಲ್ಲಿ ಮಾಮೂಲು.

ಅರ್ಜಿಯಲ್ಲಿ ಕೆರೆಯ ಹೆಸರಿನ ಪಕ್ಕ ಗ್ರಾಮ, ಹೋಬಳಿ, ಸರ್ವೆ ನಂಬರ್ ಮೂರನ್ನೂ ಬರೆಯಿರಿ. ಇದು ಬರೀ ಶಿಸ್ತಿನ ಮಾತಲ್ಲ. ಪುಟ್ಟೇನಹಳ್ಳಿ ಕೆರೆ ಎಂದರೆ ಜೆ.ಪಿ. ನಗರದಲ್ಲಿ ಒಂದಿದೆ, ಯಲಹಂಕದಲ್ಲಿ ಇನ್ನೊಂದಿದೆ. ಯಲಹಂಕದ್ದು ಅರಣ್ಯ ಇಲಾಖೆಯ ಪಕ್ಷಿ ಸಂರಕ್ಷಣಾ ಮೀಸಲು, ಜೆ.ಪಿ. ನಗರದ್ದನ್ನು ನಿವಾಸಿಗಳ ಟ್ರಸ್ಟೊಂದು 2011ರಲ್ಲಿ ಪಾಲಿಕೆಯ ಜೊತೆ ಒಡಂಬಡಿಕೆ ಮಾಡಿಕೊಂಡು ನೋಡಿಕೊಳ್ಳಲು ಶುರು ಮಾಡಿತು. ಒಂದರಲ್ಲಿ ಸಲೀಸಾಗಿ ಮಾಡಬಹುದಾದ ಕೆಲಸ ಇನ್ನೊಂದರಲ್ಲಿ ವನ್ಯಜೀವಿ ಕಾನೂನಿಗೆ ಸಿಕ್ಕಿಹಾಕಿಕೊಳ್ಳಬಹುದು.

ಕಚೇರಿಯವರು ಬಾಯಿ ಬಿಡದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, 30 ದಿನದ ಗಡುವು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಹಾಗಾಗಿ ಸರ್ವೆ ವರದಿಗೆ ಒಂದು, ಮಂಜೂರಾದ ಕಾಮಗಾರಿಗಳ ಪಟ್ಟಿಗೆ ಇನ್ನೊಂದು ಎಂದು ಬೇರೆ ಬೇರೆ ಹಾಕಿ. ಎರಡನೆಯದು ಬಹಳ ಮುಖ್ಯ. ನೀವು ಅನುದಾನ ಕೇಳುತ್ತಿರುವ ಅದೇ ಬೇಲಿಗೆ ಪಾಲಿಕೆ ಈಗಾಗಲೇ ಟೆಂಡರ್ ಕರೆದಿದೆಯೋ ಏನೋ, ತಿಳಿದುಕೊಳ್ಳದೆ ಹೊರಟರೆ ಎರಡು ಕಡೆಯಿಂದ ಬಿಲ್ ಆದ ಬೇಲಿ ನಿಮ್ಮ ತಲೆಗೆ ಬರುತ್ತದೆ.

ಹಂತ 2: ನೀರಿನ ಜೊತೆ ನಡೆಯಿರಿ

ಅರ್ಜಿ ಬರೆಯುವುದಕ್ಕಿಂತ ಹೆಚ್ಚು ಹೊತ್ತು ಇಲ್ಲಿ ಕಳೆಯಿರಿ. ಬೆಂಗಳೂರಿನ ಕೆರೆಗಳು ಒಂದರ ಕೋಡಿ ಇನ್ನೊಂದರ ಒಳಹರಿವಾಗುವಂತೆ ಕಟ್ಟಿದ ಸರಪಳಿ. ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಕಣಿವೆಗಳಲ್ಲಿ ಮೇಲಿನಿಂದ ಕೆಳಕ್ಕೆ ನೀರು ಇಳಿಯುತ್ತದೆ. ಮೇಲಿನ ಕೆರೆಯಲ್ಲಿ ಆದದ್ದು ಕೆಳಗಿನ ಕೆರೆಗೆ ಬಂದೇ ಬರುತ್ತದೆ. ಬೆಳ್ಳಂದೂರಿನ ನೊರೆಯೂ ಬೆಂಕಿಯೂ ಆ ಕೆರೆಯ ದಡದಲ್ಲಿ ಹುಟ್ಟಿದ ಕಾಯಿಲೆಯಲ್ಲ, ಊರಿನ ದೊಡ್ಡ ಭಾಗದ ಕೊಳಚೆ ಅಲ್ಲಿಗೆ ಬಂದು ಸೇರಿದ್ದರ ಫಲ.

ಮಳೆ ಬಿದ್ದು ನಾಲ್ಕೈದು ದಿನ ಕಳೆದ ಮೇಲೆ, ಒಣಗಿದ ಬೆಳಗಿನಲ್ಲಿ, ಕೆರೆಯ ಸುತ್ತ ನಡೆಯಿರಿ. ಮಳೆಯಿಲ್ಲದ ದಿನವೂ ಯಾವ ಬಾಯಿಯಿಂದ ನೀರು ಬರುತ್ತಿದೆಯೋ ಅದು ಕೊಳಚೆ ಎಂದು ಮೊದಲು ಅನುಮಾನಿಸಿ. ಬೂದು ಬಣ್ಣ, ಅಂಚಿನಲ್ಲಿ ಕಪ್ಪು ಲೋಳೆ, ಕೊಳೆತ ಮೊಟ್ಟೆಯ ವಾಸನೆ, ತೆಳ್ಳಗಿನ ನೊರೆ ಇದ್ದರೆ ಅನುಮಾನವೂ ಉಳಿಯುವುದಿಲ್ಲ. ಬೆಳಗ್ಗೆ ಏಳರಿಂದ ಒಂಬತ್ತರ ನಡುವೆ ಹರಿವು ಏರಿ, ಮಧ್ಯಾಹ್ನ ಇಳಿದರೆ ಅದು ಮನೆಗಳ ಬಚ್ಚಲಿನದ್ದು. ದಿನವಿಡೀ ಒಂದೇ ಸಮ ಬರುತ್ತಿದ್ದರೆ ಅಪಾರ್ಟ್‌ಮೆಂಟಿನ ಕೊಳಚೆ ಸಂಸ್ಕರಣಾ ಘಟಕದ್ದೋ (ಎಸ್‌ಟಿಪಿ) ಒಡೆದ ಪೈಪಿನದ್ದೋ ಇರಬಹುದು. ಪ್ರತಿ ಬಾಯಿಗೂ ಒಂದು ನಂಬರ್ ಕೊಡಿ, ಮೊಬೈಲಿನಲ್ಲಿ ಜಾಗದ ಗುರುತು ಸಮೇತ ಫೋಟೊ ತೆಗೆಯಿರಿ. ಅಲ್ಲಿಂದ ಕಾಲುವೆ ಹಿಡಿದು ಮೇಲಕ್ಕೆ, ಮೊದಲ ಮ್ಯಾನ್‌ಹೋಲ್ ಉಕ್ಕುತ್ತಿರುವ ಜಾಗದವರೆಗೂ ಹೋಗಿ.

ಲೆಕ್ಕ ಸಣ್ಣದು, ಆದರೆ ಕಣ್ಣು ತೆರೆಸುವಂಥದ್ದು. ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇ 80ರಷ್ಟು ಚರಂಡಿಗೆ ಎಂಬುದು ಎಂಜಿನಿಯರುಗಳು ಹಿಡಿಯುವ ಲೆಕ್ಕ. ನೂರು ಮನೆ, ಮನೆಗೆ ನಾಲ್ಕು ಜನ ಎಂದರೂ ದಿನಕ್ಕೆ 43 ಸಾವಿರ ಲೀಟರ್ ಕೊಳಚೆ. ಅಂಥ ಒಂದೇ ಒಂದು ಸಂಪರ್ಕ ಕಾಲುವೆಗೆ ಸೇರಿಕೊಂಡಿದ್ದರೆ ನೀವು ತೇಲಿಬಿಡುವ ಹೂಕುಂಡದಂಥ ದ್ವೀಪಗಳಾಗಲಿ, ಕ್ಯಾನಿನಲ್ಲಿ ತಂದು ಸುರಿಯುವ ಬ್ಯಾಕ್ಟೀರಿಯಾ ದ್ರಾವಣವಾಗಲಿ ಏನೂ ಮಾಡಲಾರವು. ಇಂಥ ದ್ರಾವಣ ಮಾರುವವರು ಕೆರೆ ಗುಂಪುಗಳನ್ನು ಹುಡುಕಿಕೊಂಡೇ ಬರುತ್ತಾರೆ. ಒಳಹರಿವು ಕಟ್ಟದೆ ಅವರಿಗೆ ಒಂದು ಪೈಸೆಯೂ ಕೊಡಬೇಡಿ.

ಹಾಗೆಂದು ಬರುವ ನೀರನ್ನೆಲ್ಲ ಮುಚ್ಚಿಸಿದರೆ ಕೆರೆ ಬೇಸಿಗೆಗೆ ಒಣಗುತ್ತದೆ. ಜಕ್ಕೂರಿನಲ್ಲಿ ಎಸ್‌ಟಿಪಿಯಲ್ಲಿ ಸಂಸ್ಕರಿಸಿದ ನೀರು ಮೊದಲು ಜೊಂಡು ಬೆಳೆದ ಜೌಗಿನ ಮೂಲಕ ಹಾದು ಆಮೇಲೆ ಕೆರೆಗೆ ಇಳಿಯುವ ವ್ಯವಸ್ಥೆ ಇದೆ. ಹೊಸ ಕೆರೆ ಗುಂಪಿನವರೆಲ್ಲ ಒಮ್ಮೆ ಅಲ್ಲಿಗೆ ಹೋಗಿ ಬರುವುದು ಒಳ್ಳೆಯದು. ಎಸ್‌ಟಿಪಿ ಕಟ್ಟುವುದು ನಿಮ್ಮ ಕೈಲಾಗದ ಮಾತು, ಆದರೆ ಒಳಹರಿವಿನ ಬಾಯಲ್ಲಿ ಇರುವ ಜೊಂಡನ್ನು "ಕ್ಲೀನಿಂಗ್" ಹೆಸರಲ್ಲಿ ಕಿತ್ತುಹಾಕದೆ ಉಳಿಸಿಕೊಳ್ಳುವುದು ನಿಮ್ಮ ಕೈಲಿದೆ.

ನಡೆಯುವಾಗ ಕೆರೆಯನ್ನು ಬಳಸುವವರ ಜೊತೆ ಮಾತಾಡಿ: ಹಸುವಿಗೆ ಹುಲ್ಲು ಕೊಯ್ಯುವವರು, ಮೀನಿನ ಗುತ್ತಿಗೆ ಹಿಡಿದವರು, ಬಟ್ಟೆ ಒಗೆಯುವವರು, ಹೂಳು ತುಂಬುವ ಮೊದಲು ಕೆರೆ ಹೇಗಿತ್ತೆಂದು ಕಂಡ ಹಳೇ ಊರಿನ ಅಜ್ಜಂದಿರು. ತೂಬು ಎಲ್ಲಿ ಹೂತುಹೋಗಿದೆ ಎಂದು ಅಪಾರ್ಟ್‌ಮೆಂಟಿನವರಿಗೆ ಗೊತ್ತಿರುವುದಿಲ್ಲ, ಕೆರೆ ಬಳಸುವ ಇವರಿಗೆ ಗೊತ್ತಿರುತ್ತದೆ. ಅವರನ್ನು ಬಿಟ್ಟು ಬೇಲಿ ಹಾಕಿಸಿದರೆ ಬೇಲಿ ಮುರಿಯುವುದು ಖಂಡಿತ, ಮುರಿದವರನ್ನು ನಾನಂತೂ ಬೈಯಲಾರೆ.

ಹಂತ 3: ದುಡ್ಡು ಯಾರ ಖಾತೆಗೆ?

ವೈಯಕ್ತಿಕ ಖಾತೆಗೆ, ಗೂಗಲ್ ಪೇಗೆ ಅನುದಾನ ತರಿಸಿಕೊಳ್ಳುವ ಆಲೋಚನೆ ಇದ್ದರೆ ಇಲ್ಲಿಗೇ ಬಿಡಿ. ಸೊಸೈಟಿ ಮಾಡುವುದಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಜನ ಬೇಕು, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ಲೆಕ್ಕಪತ್ರ ಸಲ್ಲಿಕೆ ತಪ್ಪದು. ಟ್ರಸ್ಟ್ ಸುಲಭ: ಪತ್ರ ಬರೆಸಿ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದರಾಯಿತು. ಆದರೆ ಟ್ರಸ್ಟಿಗಳು ಜಗಳವಾಡಿದರೆ ಬಿಡಿಸಲು ಸೊಸೈಟಿಯಷ್ಟು ದಾರಿಗಳಿರುವುದಿಲ್ಲ. ಆಮೇಲೆ ಪ್ಯಾನ್, ಬ್ಯಾಂಕ್ ಖಾತೆ, ಸಂಸ್ಥೆಗೂ ದೇಣಿಗೆ ಕೊಡುವವರಿಗೂ ತೆರಿಗೆ ರಿಯಾಯಿತಿಗೆ ಬೇಕಾದ, ಎಲ್ಲರೂ 12ಎ ಮತ್ತು 80ಜಿ ಎಂದು ಕರೆಯುವ ಆದಾಯ ತೆರಿಗೆ ನೋಂದಣಿಗಳು, ನೀತಿ ಆಯೋಗದ ದರ್ಪಣ್ ಪೋರ್ಟಲ್‌ನ ಐಡಿ.

ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗೆಂದು ಎತ್ತಿಡುವ ಸಿಎಸ್‌ಆರ್ ಹಣದ ಮೇಲೆ ಕಣ್ಣಿದ್ದರೆ ಒಂದು ಅಡ್ಡಿ ಮೊದಲೇ ತಿಳಿದಿರಲಿ. 2021ರ ಏಪ್ರಿಲ್‌ನಿಂದ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಮಾಡಿಸುವ ಸಿಎಸ್‌ಆರ್-1 ನೋಂದಣಿ ಇಲ್ಲದ ಸಂಸ್ಥೆಗೆ ಕಂಪನಿ ಆ ಲೆಕ್ಕದಲ್ಲಿ ಹಣ ಕೊಡುವಂತಿಲ್ಲ. ಜೊತೆಗೆ ಅಂಥದೇ ಕೆಲಸದಲ್ಲಿ ಮೂರು ವರ್ಷದ ಅನುಭವವನ್ನೂ ನಿಯಮ ಕೇಳುತ್ತದೆ. ಕಳೆದ ತಿಂಗಳು ಹುಟ್ಟಿದ ಕೆರೆ ಟ್ರಸ್ಟಿಗೆ ನೇರವಾಗಿ ಸಿಎಸ್‌ಆರ್ ಬರಲಾರದು.

ಆಗ ಮಾಡಬೇಕಾದದ್ದು, ಅನುಭವವಿರುವ ಸಂಸ್ಥೆಯೊಂದರ ಆಸರೆ ಪಡೆಯುವುದು. ಹಣ ಅವರ ಖಾತೆಗೆ, ಕೆಲಸ ನಿಮ್ಮದು. ಮೊದಲ ಎರಡು ವರ್ಷಕ್ಕೆ ಇದೇ ಒಳ್ಳೆಯ ದಾರಿ ಎಂಬುದು ನನ್ನ ಎಣಿಕೆ. ಟ್ರಸ್ಟ್ ಮಾಡಿ ತೆರಿಗೆ ರಿಟರ್ನ್ ಹಿಂದೆ ಓಡುವುದರಲ್ಲೇ ಎಷ್ಟೋ ಗುಂಪುಗಳ ಉಸಿರು ನಿಂತುಹೋಗುತ್ತದೆ. ಆಸರೆ ಸಂಸ್ಥೆಯ ಜೊತೆ ಎರಡು ಪುಟದ ಒಪ್ಪಂದ ಬರೆದುಕೊಳ್ಳಿ: ಅವರು ಆಡಳಿತಕ್ಕೆಂದು ಎಷ್ಟು ಹಿಡಿಯುತ್ತಾರೆ, ಬಿಲ್ ಕೊಟ್ಟ ಎಷ್ಟು ದಿನದಲ್ಲಿ ಪಾವತಿ, ವರದಿಗೆ ಯಾರ ಸಹಿ, ಫೋಟೊ ಕೆಳಗೆ ಯಾರ ಹೆಸರು. ಕೊನೆಯದು ಸಣ್ಣ ವಿಷಯ ಅನ್ನಿಸಬಹುದು. ಮುನಿಸುಗಳೆಲ್ಲ ಹುಟ್ಟುವುದು ಅಲ್ಲೇ.

ಅಮೆರಿಕದಲ್ಲಿರುವ ಗೆಳೆಯರ ದೇಣಿಗೆ ಬರುತ್ತದೆ ಎಂದಾದರೆ ಅವರ ಪೌರತ್ವ ಕೇಳಿ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಕೊಟ್ಟದ್ದು ವಿದೇಶಿ ದೇಣಿಗೆ ಆಗುವುದಿಲ್ಲ. ಪೌರತ್ವ ಬದಲಾಯಿಸಿಕೊಂಡವರು ಕೊಟ್ಟದ್ದು ಆಗುತ್ತದೆ, ಅದಕ್ಕೆ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಬೇಕು. 2020ರ ತಿದ್ದುಪಡಿಯಾದ ಮೇಲೆ ಒಂದು ಸಂಸ್ಥೆ ಆ ಹಣವನ್ನು ಇನ್ನೊಂದಕ್ಕೆ ದಾಟಿಸುವಂತೆಯೂ ಇಲ್ಲ.

ಹಂತ 4: ಒಪ್ಪಿಗೆ ಪತ್ರ

ಅನುದಾನ ಕೊಡುವವರು ಕೇಳಲಿ ಬಿಡಲಿ, ಸುಪರ್ದಿಯಲ್ಲಿರುವ ಇಲಾಖೆಯ ಒಪ್ಪಿಗೆ ಇಲ್ಲದೆ ಕೆರೆಯಂಗಳದಲ್ಲಿ ಒಂದು ಗುದ್ದಲಿ ಮಣ್ಣನ್ನೂ ತೆಗೆಯಬೇಡಿ. ಒಳ್ಳೆಯ ಉದ್ದೇಶ ಇತ್ತು ಎಂಬುದು ಉತ್ತರವಾಗುವುದಿಲ್ಲ.

ಇದಕ್ಕೆ ಹಿನ್ನೆಲೆಯೂ ಇದೆ. 2002ರಲ್ಲಿ ಸ್ಥಾಪನೆಯಾದ ಕೆರೆ ಅಭಿವೃದ್ಧಿ ಪ್ರಾಧಿಕಾರ ಹೆಬ್ಬಾಳ, ನಾಗವಾರದಂಥ ಕೆರೆಗಳನ್ನು ಖಾಸಗಿಯವರಿಗೆ ವಹಿಸಿದ್ದನ್ನು ಪ್ರಶ್ನಿಸಿ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸ್ವಯಂಸೇವಾ ಸಂಸ್ಥೆ 2008ರಲ್ಲಿ ಹೈಕೋರ್ಟಿಗೆ ಹೋಯಿತು. ಅದೇ ಪ್ರಕರಣ ಮುಂದುವರಿದು 2020ರಲ್ಲಿ ಕಂಪನಿಗಳ ಜೊತೆಗಿನ ಕೆರೆ ಒಡಂಬಡಿಕೆಗಳಿಗೆ ನ್ಯಾಯಾಲಯ ತಡೆಯೊಡ್ಡಿತು. ಹೀಗಾಗಿ "ದತ್ತು", "ನಿರ್ವಹಣೆ ವಹಿಸಿಕೊಡಿ" ಎಂಬ ಪದಗಳು ಕಂಡರೆ ಅಧಿಕಾರಿಗಳು ಕಡತವನ್ನು ಬದಿಗಿಡುತ್ತಾರೆ. ನೀವು ಕೇಳಬೇಕಾದದ್ದು ಅಷ್ಟು ದೊಡ್ಡದಲ್ಲ: ಇಂಥ ಕೆರೆಯ ಇಂಥ ಒಳಹರಿವಿನಲ್ಲಿ, ಇಂಥ ತಿಂಗಳಿಂದ ಇಂಥ ತಿಂಗಳವರೆಗೆ, ಇಲಾಖೆಗೆ ಖರ್ಚಿಲ್ಲದಂತೆ, ಇಲಾಖೆಯ ಮೇಲ್ವಿಚಾರಣೆಯಲ್ಲಿ, ಈ ಕೆಲಸ ಮಾಡಲು ಅನುಮತಿ, ಕೆರೆಯ ಮೇಲೆ ನಮಗೆ ಯಾವ ಹಕ್ಕೂ ಬರುವುದಿಲ್ಲ, ಹಾಕಿದ ಸಾಮಾನು ಇಲಾಖೆಯ ಆಸ್ತಿ. ಕನ್ನಡದಲ್ಲೇ ಬರೆಯಿರಿ, ಒಂದೇ ಪುಟ, ಜೊತೆಗೆ ನಕ್ಷೆ. ಟಪಾಲು ವಿಭಾಗದಲ್ಲಿ ಕೊಟ್ಟು ಎರಡನೇ ಪ್ರತಿಯ ಮೇಲೆ ಸೀಲು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಸಾಹೇಬರ ಕೈಗೇ ಕೊಟ್ಟು ಬಂದ ಪತ್ರಕ್ಕೆ ಸಾಹೇಬರು ವರ್ಗವಾದ ದಿನ ಗುರುತೇ ಇರುವುದಿಲ್ಲ.

ಮರದ ಕೊಂಬೆ ಕಡಿಯುವುದಿದ್ದರೆ ಮರ ಅಧಿಕಾರಿಯ ಅನುಮತಿ ಬೇರೆ. ಮೀನಿನ ಗುತ್ತಿಗೆ ಇದ್ದರೆ ಮೀನುಗಾರಿಕೆ ಇಲಾಖೆಗೂ ಒಂದು ಪ್ರತಿ.

ಹಂತ 5: ಯಾರನ್ನು ಕೇಳಬೇಕು?

ಮೊದಲು ಅಕ್ಕಪಕ್ಕದವರನ್ನು. ಕೆರೆ ಕಾಣುವ ಅಪಾರ್ಟ್‌ಮೆಂಟಿನ ಸಂಘ, ಬೇಕರಿಯವರು, ಶಾಲೆ, ಬೀದಿಯ ಗಣೇಶ ಸಮಿತಿ. ಮೊತ್ತ ಸಣ್ಣದೇ ಇರಲಿ, ಅದು ನಿಮ್ಮ ಅರ್ಜಿಯಲ್ಲಿ "ಸ್ಥಳೀಯರ ಪಾಲು" ಎಂಬ ಸಾಲಾಗಿ ಕೂರುತ್ತದೆ. ಕೊಡುವವರು ಆ ಸಾಲನ್ನು ಹುಡುಕಿ ನೋಡುತ್ತಾರೆ.

ಸಣ್ಣ ಅನುದಾನಗಳು ಎಂದು ಕರೆಯುವ ಕಾರ್ಯಕ್ರಮಗಳು ಆಮೇಲಿನವು. ಬೆಂಗಳೂರು ಸಸ್ಟೈನಬಿಲಿಟಿ ಫೋರಂ ನಗರದ ನೀರು, ಜೀವವೈವಿಧ್ಯದಂಥ ವಿಷಯಗಳಿಗೆ ಇಂಥ ಅನುದಾನ ಕರೆದಿದೆ. ಸಂಶೋಧಕರು, ಕಲಾವಿದರು, ನಾಗರಿಕರು ಕೂಡಿ ಮಾಡುವ ಕೆಲಸಕ್ಕೆ ಅಲ್ಲಿ ಒಲವು. ಯುನೈಟೆಡ್ ವೇ ಆಫ್ ಬೆಂಗಳೂರು 'ವೇಕ್ ದ ಲೇಕ್' ಹೆಸರಿನಲ್ಲಿ ಕಂಪನಿಗಳ ಹಣವನ್ನು ಕೆರೆಗಳಿಗೆ ತರುತ್ತಿದೆ. ಪರಿಸರ, ಹವಾಮಾನಕ್ಕೆ ಹಣ ಹಾಕುವ ರೇನ್‌ಮ್ಯಾಟರ್ ಫೌಂಡೇಶನ್ ಬೆಂಗಳೂರಿನದೇ. ರೋಟರಿ ಕ್ಲಬ್ ಮೂಲಕ ಡಿಸ್ಟ್ರಿಕ್ಟ್ ಗ್ರಾಂಟ್ ಕೇಳಬಹುದು. ಗ್ಲೋಬಲ್ ಗ್ರಾಂಟಿಗೆ ಯೋಜನೆಯ ಗಾತ್ರ ಕನಿಷ್ಠ 30,000 ಡಾಲರ್ ಇರಬೇಕು, ಅದು ನಿಮಗಲ್ಲ. ಆಯಾ ವರ್ಷದ ಕರೆ, ಮಿತಿ, ಗಡುವು ಬದಲಾಗುತ್ತಿರುತ್ತವೆ. ಅವರವರ ಪ್ರಕಟಣೆ ನೋಡಿಯೇ ಮುಂದುವರಿಯಿರಿ.

ಇನ್ನು ಸಿಎಸ್‌ಆರ್. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಖರ್ಚು ಮಾಡಬೇಕು. ಏಳನೇ ಪರಿಶಿಷ್ಟದ ನಾಲ್ಕನೇ ಬಾಬಿನಲ್ಲಿ ನೀರು, ಪರಿಸರ ಬರುತ್ತದೆ. ಅರ್ಜಿಯಲ್ಲಿ ಅದನ್ನು ಉಲ್ಲೇಖಿಸಿ, ಅವರ ಕೆಲಸ ಹಗುರಾಗುತ್ತದೆ. ಈ ಹಣದಲ್ಲಿ ದೊಡ್ಡ ಕೆಲಸಗಳೂ ಆಗಿವೆ: 2017ರಲ್ಲಿ ಆನೇಕಲ್ ಕಡೆಯ 36 ಎಕರೆಯ ಕ್ಯಾಲಸನಹಳ್ಳಿ ಕೆರೆಯ ಹೂಳೆತ್ತಿದ್ದು ಸನ್ಸೇರಾ ಕಂಪನಿಯ ಸಿಎಸ್‌ಆರ್‌ನಿಂದ, ಮುಂದಾಳು ಆಗ ಅಲ್ಲೇ ಎಂಜಿನಿಯರ್ ಆಗಿದ್ದ ಆನಂದ್ ಮಲ್ಲಿಗವಾಡ್.

ಸಿಎಸ್‌ಆರ್ ತಂಡದವರು "ಆಡಳಿತ ವೆಚ್ಚ ಶೇ 5 ಮೀರುವಂತಿಲ್ಲ, ಸಂಬಳ ಕೊಡಲಾಗದು" ಎಂದರೆ ಮೆಲ್ಲಗೆ ವಿವರಿಸಿ. ಆ ಶೇ 5ರ ಮಿತಿ ಇರುವುದು ಕಂಪನಿಯ ಸ್ವಂತ ಸಿಎಸ್‌ಆರ್ ಆಡಳಿತದ ಖರ್ಚಿಗೆ. ಕೆರೆಯಲ್ಲಿ ಕೆಲಸ ಮಾಡುವವರ ಕೂಲಿ ಯೋಜನೆಯದೇ ಖರ್ಚು. ಮಾರ್ಚ್ 31ರ ಒಳಗೆ ಖಾಲಿ ಮಾಡಬೇಕೆಂದು ಫೆಬ್ರವರಿಯಲ್ಲಿ ಫೋನ್ ಮಾಡುವ ಕಂಪನಿಗಳೂ ಉಂಟು. ಆ ಹಣ ಬೇಡವೆನ್ನಬೇಕಿಲ್ಲ, ಆದರೆ ಒಪ್ಪಿಗೆ ಪತ್ರ ಕೈಯಲ್ಲಿರುವವರಿಗೆ ಮಾತ್ರ ಅದು ದಕ್ಕುತ್ತದೆ.

ಹಂತ 6: ಬಜೆಟ್

ಎಲ್ಲರೂ ಮೊದಲು ಬರೆಯುವ ಬಾಬು "ಹೂಳೆತ್ತುವುದು". ಒಂದು ಎಕರೆಯಲ್ಲಿ ಒಂದು ಅಡಿ ಹೂಳೆಂದರೆ 1,233 ಘನ ಮೀಟರ್. ಹತ್ತು ಎಕರೆ ಕೆರೆಯಲ್ಲಿ ಮೂರು ಅಡಿ ತೆಗೆದರೆ 37,000 ಘನ ಮೀಟರ್. ಟಿಪ್ಪರಿಗೆ ಹತ್ತು ಘನ ಮೀಟರ್ ಹಿಡಿದರೂ 3,700 ಲೋಡ್. ಅಷ್ಟು ಮಣ್ಣು ಹಾಕಲು ಜಾಗ ಎಲ್ಲಿದೆ? ಮೂರು ಲಕ್ಷದ ಅನುದಾನದಲ್ಲಿ ಹೂಳಿನ ಮಾತೇ ಬೇಡ.

ಮೂರು ಲಕ್ಷದ ಮಾದರಿಯೊಂದನ್ನು ನೋಡೋಣ. ದಿನಕ್ಕೆ ಅರ್ಧ ಹೊತ್ತಿಗಿಂತ ಹೆಚ್ಚು ಕೆರೆಯಲ್ಲೇ ಇರುವ ಒಬ್ಬರಿಗೆ ತಿಂಗಳಿಗೆ 18,000ದಂತೆ ವರ್ಷಕ್ಕೆ 2,16,000. ಒಳಹರಿವಿನ ಬಾಯಿಗೆ ಕಸ ತಡೆಯುವ ಕಬ್ಬಿಣದ ಜಾಲರಿಗೆ 35,000. ಮಳೆಗೆ ಮುಂಚೆ, ಮಳೆಯಲ್ಲಿ, ಮಳೆಯ ನಂತರ ಪ್ರಯೋಗಾಲಯದಲ್ಲಿ ನೀರಿನ ಪರೀಕ್ಷೆಗೆ 20,000. ಗಮ್‌ಬೂಟು, ಕೈಗವಸು, ಕುಡುಗೋಲು, ಬಲೆ, ಲೈಫ್ ಜಾಕೆಟ್‌ಗೆ 12,000. ಲೆಕ್ಕ ಪರಿಶೋಧಕರಿಗೆ 10,000. ಕೈಬಿಟ್ಟು ಹೋದದ್ದಕ್ಕೆ 7,000. ಒಟ್ಟು ಮೂರು ಲಕ್ಷ. ಈ ಅಂಕಿಗಳು ಚೌಕಟ್ಟಿಗೆ ಮಾತ್ರ. ಸಂಬಳವನ್ನು ಆಯಾ ವರ್ಷದ ಕನಿಷ್ಠ ವೇತನ ಅಧಿಸೂಚನೆಗೆ ಹೊಂದಿಸಿ, ಜಾಲರಿಗೆ ಎರಡು ಮೂರು ವೆಲ್ಡಿಂಗ್ ಶಾಪಿನಲ್ಲಿ ಕೊಟೇಶನ್ ತನ್ನಿ.

ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಒಬ್ಬರ ಸಂಬಳಕ್ಕೇ ಹೋಯಿತಲ್ಲ ಎಂದು ಕೊಡುವವರು ಹುಬ್ಬೇರಿಸುತ್ತಾರೆ. ಪಟ್ಟು ಬಿಡಬೇಡಿ. ನಮ್ಮ ಕಡೆಯ ಶಾಸನಗಳಲ್ಲಿ ಕೆರೆಗೆಂದು ಬಿಟ್ಟ ದತ್ತಿಗಳನ್ನು ನೋಡಿ: ಕಟ್ಟಿಸಿದವನಿಗೆ ಕಟ್ಟುಕೊಡಗಿ ಎಂಬ ದತ್ತಿ ಭೂಮಿ ಇದ್ದಂತೆ, ಹೂಳು ಹೊರುವ ಕೆರೆಬಂಡಿಗೆ, ಅದನ್ನು ಎಳೆಯುವ ಕೋಣಗಳಿಗೆ, ನೋಡಿಕೊಳ್ಳುವ ಆಳಿಗೆ ಬಿತ್ತುವಟ್ಟದ, ಅಂದರೆ ಕೆರೆಯ ನಿರ್ವಹಣೆಗೆಂದು ಬಿಟ್ಟ, ಗದ್ದೆ ಇತ್ತು. ಕೆರೆ ನೀರು ನೋಡಿಕೊಳ್ಳುವ ನೀರುಗಂಟಿ ಎಂಬ ಹುದ್ದೆ ಇದ್ದದ್ದೇ ಅದಕ್ಕೆ. ಜಾಲರಿ ಹಾಕಿದ ಮರುವಾರವೇ ಪ್ಲಾಸ್ಟಿಕ್, ತೆಂಗಿನ ಚಿಪ್ಪು, ಹರಿದ ಹಾಸಿಗೆ ಬಂದು ಅದನ್ನು ಕಟ್ಟಿಬಿಡುತ್ತವೆ. ಬೆಳಗ್ಗೆ ಹೋಗಿ ಎಳೆದುಹಾಕುವ ಕೈ ಇಲ್ಲದಿದ್ದರೆ ಮೊದಲ ಜೋರು ಮಳೆಗೆ ನೀರು ಹಿಂದಕ್ಕೆ ತಳ್ಳಿ ಮೇಲಿನ ಬೀದಿಯ ಮನೆಗಳಿಗೆ ನುಗ್ಗುತ್ತದೆ, ಬೈಗುಳ ನಿಮಗೆ. ಜಾಲರಿಯ ಸರಳುಗಳನ್ನು ತೀರಾ ಹತ್ತಿರ ಜೋಡಿಸಬೇಡಿ, ಮೇಲೆ ನೀರು ಉಕ್ಕಿ ಹೋಗಲು ತೆರಪು ಬಿಡಿ, ರಾಜಕಾಲುವೆ ವಿಭಾಗದ ಎಂಜಿನಿಯರಿಗೆ ಚಿತ್ರ ತೋರಿಸಿಯೇ ಮಾಡಿಸಿ.

ಕೆಲಸದ ಕಾಲ: ಜನವರಿಯಿಂದ ಮೇ. ಬೆಂಗಳೂರಿನಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗ ಕೆರೆಗಿಳಿಯುವ ಕೆಲಸ ಹಾಕಿಕೊಳ್ಳಬೇಡಿ. ಜಲಕಳೆ ತೆಗೆಯುವಾಗ ದಡದ ಜೊಂಡಿನಲ್ಲಿ ನಾಮದ ಕೋಳಿ, ಗುಳುಮುಳುಕದಂಥ ನೀರುಹಕ್ಕಿಗಳು ಗೂಡು ಕಟ್ಟಿವೆಯೋ ನೋಡಿ, ಆ ಭಾಗ ಬಿಟ್ಟು ಮುಂದೆ ಹೋಗಿ.

ಹಂತ 7: ಅರ್ಜಿ ಬರೆಯುವುದು

"ಕೆರೆಯ ಸರ್ವತೋಮುಖ ಅಭಿವೃದ್ಧಿ ಹಾಗೂ ಸಾರ್ವಜನಿಕರಲ್ಲಿ ಪರಿಸರ ಜಾಗೃತಿ" ಎಂದು ಶುರುವಾಗುವ ಅರ್ಜಿಗಳು ರಾಶಿ ರಾಶಿ ಬರುತ್ತವೆ. ಅವುಗಳ ನಡುವೆ ಇಂಥದೊಂದು ಬಂದರೆ ಓದುವವರು ನೆಟ್ಟಗೆ ಕೂರುತ್ತಾರೆ: "ಕೆರೆಗೆ ಐದು ಒಳಹರಿವುಗಳಿವೆ. ಮಳೆಯಿಲ್ಲದ ದಿನವೂ ಹರಿಯುವುದು 2 ಮತ್ತು 4. ಎರಡನೆಯದರ ಮೂಲ ಶಾಲೆಯ ಹಿಂದಿನ ಮ್ಯಾನ್‌ಹೋಲ್. ಜಲಮಂಡಳಿಗೆ ದೂರು ಕೊಟ್ಟಿದ್ದೇವೆ, ಪ್ರತಿ ಲಗತ್ತಿಸಿದೆ. ಈ ವರ್ಷ ಆ ದೂರಿನ ಬೆನ್ನು ಹತ್ತುವುದು, 4ರ ಬಾಯಲ್ಲಿ ಕಸ ತಡೆಯುವುದು, ಎರಡೇ ನಮ್ಮ ಗುರಿ." ಗುರಿ ಎರಡಕ್ಕಿಂತ ಹೆಚ್ಚಿದ್ದರೆ ಹೊಡೆದುಹಾಕಿ.

ಮ್ಯಾನ್‌ಹೋಲ್ ರಿಪೇರಿ, ಒತ್ತುವರಿ ತೆರವು ನಿಮ್ಮ ಕೈಲಿಲ್ಲ. ಮಾಡಿಸುತ್ತೇವೆ ಎಂದು ಬರೆಯಬೇಡಿ. ಇಷ್ಟು ದೂರು ಕೊಡುತ್ತೇವೆ, ಇಷ್ಟು ಸಭೆಗೆ ಹೋಗುತ್ತೇವೆ ಎಂದು ಬರೆಯಿರಿ. ಒಪ್ಪಿಗೆ ಪತ್ರ, ನಕ್ಷೆ, ಕೊಟೇಶನ್, ಆಸರೆ ಸಂಸ್ಥೆಯ ಪತ್ರ ಲಗತ್ತಿಸಿ. ಇಂಗ್ಲಿಷಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲೇ ಕೊಡಿ, ಆದರೆ ಮೊದಲು ಕನ್ನಡದಲ್ಲಿ ಬರೆದು ಹುಲ್ಲು ಕೊಯ್ಯುವವರಿಗೆ ಓದಿ ಹೇಳಿ. ಅವರು ನಕ್ಕ ಸಾಲನ್ನು ತೆಗೆದುಬಿಡಿ.

ಹಂತ 8: ಹಣ ಬಂದ ಮೇಲೆ

ಬೇರೆ ಖಾತೆ, ಇಲ್ಲವೇ ಲೆಕ್ಕದ ಪುಸ್ತಕದಲ್ಲಿ ಬೇರೆ ಪುಟ. ಇಬ್ಬರ ಸಹಿ. ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದು ಕೊಡಬೇಡಿ. ಗುತ್ತಿಗೆದಾರರಿಗೆ ದೊಡ್ಡ ಮೊತ್ತ ಕೊಡುವ ಮುನ್ನ ಟಿಡಿಎಸ್ (ಪಾವತಿಯಲ್ಲೇ ಹಿಡಿಯಬೇಕಾದ ತೆರಿಗೆ) ಬಗ್ಗೆ ಆಡಿಟರನ್ನು ಕೇಳಿ. ಕೂಲಿಗೆ ಮಸ್ಟರ್ ರೋಲ್ (ಹಾಜರಿ ಪಟ್ಟಿ), ಸಹಿ ಅಥವಾ ಹೆಬ್ಬೆಟ್ಟು. ಬಿಲ್ಲಿನ ಶಾಯಿ ಆರು ತಿಂಗಳಲ್ಲಿ ಮಾಸಿಹೋಗುತ್ತದೆ, ಬಂದ ದಿನವೇ ಫೋಟೊ ತೆಗೆದಿಡಿ.

ತಿಂಗಳಿಗೊಮ್ಮೆ ಖರ್ಚಿನ ಒಂದು ಹಾಳೆಯನ್ನು ಕೆರೆಯ ಗೇಟಿನ ಪಕ್ಕ ಅಂಟಿಸಿ. ಗುಸುಗುಸು ಅರ್ಧಕ್ಕರ್ಧ ನಿಲ್ಲುತ್ತದೆ.

ಹಂತ 9: ಅಳತೆ

ಎಷ್ಟು ಗಿಡ ನೆಟ್ಟಿರಿ, ಎಷ್ಟು ಮಕ್ಕಳು ಬಂದರು ಎಂಬುದು ಅಳತೆಯಲ್ಲ. ನೀರನ್ನು ಅಳೆಯಿರಿ.

ಕಪ್ಪು ಬಿಳುಪು ಬಣ್ಣ ಬಳಿದ ತಟ್ಟೆಯೊಂದನ್ನು ಗಂಟು ಹಾಕಿದ ಹಗ್ಗಕ್ಕೆ ಕಟ್ಟಿ ಇಳಿಬಿಡಿ. ಎಷ್ಟು ಆಳಕ್ಕೆ ಕಣ್ಣಿಗೆ ಮರೆಯಾಗುತ್ತದೋ ಬರೆದಿಡಿ. ಪ್ರತಿ ಸಲ ಅದೇ ಜಾಗ, ಅದೇ ಹೊತ್ತು. ನೀರಿನಲ್ಲಿ ಕರಗಿದ ಆಮ್ಲಜನಕ ನೋಡುವ ಕಿಟ್ ಸಿಗುತ್ತದೆ. ಮೀನು, ಜಲಚರಗಳು ಬದುಕಬಹುದಾದ 'ಡಿ' ದರ್ಜೆಗೆ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಇರಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ: ಹಸಿರು ಪಾಚಿಗಟ್ಟಿದ ಕೆರೆಯಲ್ಲಿ ಮಧ್ಯಾಹ್ನ ಮೂರಕ್ಕೆ ಅಳೆದರೆ ಆಮ್ಲಜನಕ ಚೆನ್ನಾಗಿಯೇ ಕಾಣುತ್ತದೆ, ಏಕೆಂದರೆ ಬಿಸಿಲಿನಲ್ಲಿ ಪಾಚಿ ಅದನ್ನು ಉಗುಳುತ್ತಿರುತ್ತದೆ. ರಾತ್ರಿಯಿಡೀ ಅದೇ ಪಾಚಿ ಅದನ್ನು ಹೀರಿ, ನಸುಕಿಗೆ ತಳ ಮುಟ್ಟಿಸುತ್ತದೆ. ಮೀನು ಸತ್ತು ತೇಲುವುದು ಬೆಳಗ್ಗೆ ಕಾಣುವುದು ಅದಕ್ಕೇ. ಹಾಗಾಗಿ ಬೆಳಗ್ಗೆ ಆರಕ್ಕೆ ಅಳೆಯಿರಿ. ಬೇಸಿಗೆಯ ಮೊದಲ ಮಳೆಯ ಮರುದಿನ ತಪ್ಪಿಸಲೇಬೇಡಿ. ಚರಂಡಿಯಲ್ಲಿ ಕೂತಿದ್ದ ಕೊಳಕೆಲ್ಲ ಒಮ್ಮೆಲೇ ಕೆರೆಗೆ ಬರುವ ದಿನ ಅದು.

ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಊರಿನ ಹಲವು ಕೆರೆಗಳ ನೀರನ್ನು ತಿಂಗಳು ತಿಂಗಳು ಪರೀಕ್ಷಿಸಿ ದರ್ಜೆ ಪ್ರಕಟಿಸುತ್ತದೆ. ನಿಮ್ಮ ಕೆರೆ ಪಟ್ಟಿಯಲ್ಲಿದ್ದರೆ ಆ ಅಂಕಿಯ ಪಕ್ಕ ನಿಮ್ಮದನ್ನು ಇಡಿ. ಹಕ್ಕಿಗಳ ಲೆಕ್ಕವನ್ನು ಇ-ಬರ್ಡ್ ಎಂಬ ಪಕ್ಷಿ ದಾಖಲೆಯ ಜಾಲತಾಣಕ್ಕೆ ಹಾಕಿದರೆ ಅದು ನಿಮ್ಮ ಗುಂಪು ಒಡೆದರೂ ಉಳಿಯುತ್ತದೆ.

ವರದಿಯಲ್ಲಿ ಆಗದೇ ಹೋದದ್ದನ್ನೂ ಬರೆಯಿರಿ. ಒಳಹರಿವು 2 ಇನ್ನೂ ನಿಂತಿಲ್ಲ, ಜಲಮಂಡಳಿ ಎರಡು ಸಲ ಬಂದು ಹೋಗಿದೆ, ಮೇಲಿನ ರಸ್ತೆಯ ಪೈಪ್ ಬದಲಿಸಬೇಕು ಎನ್ನುತ್ತಿದ್ದಾರೆ ಎಂದು. ಮುಂದಿನ ವರ್ಷದ ಅರ್ಜಿಗೆ ಕಾರಣ ಅಲ್ಲೇ ಸಿದ್ಧವಾಗಿರುತ್ತದೆ.

ಹಂತ 10: ಮುಗಿಸುವುದು

ಅನುದಾನದ ಕೊನೆಯ ಕಂತು ಸಾಮಾನ್ಯವಾಗಿ ವರದಿ ಒಪ್ಪಿಸಿದ ಮೇಲೆ ಬರುತ್ತದೆ. ಅದು ಬರುವವರೆಗಿನ ತಿಂಗಳುಗಳ ಸಂಬಳಕ್ಕೆ ಸ್ಥಳೀಯ ದೇಣಿಗೆಯಿಂದ ಎರಡು ತಿಂಗಳ ಮೊತ್ತ ಎತ್ತಿಡಿ. ಹದಿಮೂರನೇ ತಿಂಗಳು ಕೆರೆ ನೋಡಿಕೊಳ್ಳುವವರು ಬರದೇ ಹೋದರೆ ಜಾಲರಿ ಕಟ್ಟಿಕೊಳ್ಳಲು ಒಂದು ವಾರ ಸಾಕು. ಉಳಿದ ಹಣವನ್ನು ಕೇಳದೆ ಬೇರೆ ಬಾಬಿಗೆ ಹಾಕಬೇಡಿ, ಮೊದಲು ಇಮೇಲ್‌ನಲ್ಲಿ ಒಪ್ಪಿಗೆ ಪಡೆಯಿರಿ ಇಲ್ಲವೇ ವಾಪಸ್ ಕಳಿಸಿ. ಜಾಲರಿ, ಬೋರ್ಡು, ಗೇಟಿನ ಬೀಗದ ಕೀಲಿ ಸಮೇತ ಸಾಮಾನಿನ ಪಟ್ಟಿ ಮಾಡಿ ಇಲಾಖೆಗೆ ಪತ್ರದ ಮೂಲಕ ಒಪ್ಪಿಸಿ, ಒಂದು ಪ್ರತಿ ಅನುದಾನ ಕೊಟ್ಟವರಿಗೆ, ಒಂದು ನಿಮ್ಮ ಕಡತಕ್ಕೆ. ಇದೂ ಟಪಾಲು ವಿಭಾಗದಲ್ಲೇ, ಸೀಲು ಹಾಕಿಸಿಕೊಂಡು.